ಎಪ್ಪತ್ತೆರಡರ ಕನ್ನಡಿ

ಪಿತೃಪಕ್ಷ ಬಂದರೆ ಊರವರೆಲ್ಲ ಹಿರಿಯರ ಫೋಟೋ ಮುಂದೆ ಎಡೆ ಇಡುತ್ತಿದ್ದರು. ನಂಜೇಶನ ಮನೆಯಲ್ಲಿ ಮಾತ್ರ ಅಜ್ಜಿಯ ಜಾಗದಲ್ಲಿ ಮಡಿಸಿದ ಸೀರೆಯೊಂದೇ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅಜ್ಜಿ ಬದುಕಿಡೀ ಕ್ಯಾಮೆರಾಗೆ ಬೆನ್ನು ತೋರಿಸಿದ್ದಳು. ಈ ಸಲ ಅವಳ ಮುಖ ತಂದೇ ತರುತ್ತೇನೆಂದು ಏಳೂರಿಗೆ ಕೇಳುವಂತೆ ಕೊಚ್ಚಿಕೊಂಡ ನಂಜೇಶ, ಬೆಳಗಿನ ಬಸ್ಸು ಹತ್ತಿ ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಇಳಿದ. ಅವನ ಫೋನು ಎಷ್ಟು ಚುರುಕೆಂದರೆ, ನೀವು ಸೀನಬೇಕು ಅಂದುಕೊಳ್ಳುವಷ್ಟರಲ್ಲಿ ಸೀನಿದ ಫೋಟೋ ಬಂದಿರುತ್ತಿತ್ತು.

ಮೂವತ್ತರ ಹರೆಯದ ಅಜ್ಜಿ ದೊಡ್ಡತಾಯಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಅಜ್ಜೀ, ನಾನು ನಿನ್ ಮೊಮ್ಮಗ."

"ಮುಂದಿನ ಕಾಲದೋನಾ? ಮೊನ್ನೆ ಪಕ್ಕದ್ಮನೆಗೂ ಒಬ್ಬ ಬಂದಿದ್ದ, ಒಂದ್ ಗುಡಾಣ ಮಜ್ಜಿಗೆ ಕುಡ್ದು ಹೋದ. ಕೂತ್ಕೋ. ಫೋಟೋ ಗೀಟೋ ಅಂದ್ರೆ ಪೊರಕೆ ತಗೋತೀನಿ."

"ಫೋಟೋ ಯಾರಿಗೆ ಬೇಕಜ್ಜಿ? ಇದು ಮಹಾರಾಣೀರು ಮುಖ ನೋಡ್ಕೊಳ್ಳೋ ಕನ್ನಡಿ. ನಿನ್ ಕುಂಕುಮ ಸೊಟ್ಟಗಾಗಿದೆ, ನೋಡ್ಕೋ."

ಅವಳು ಫೋನನ್ನೂ ಅವನನ್ನೂ ಒಮ್ಮೆ ನೋಡಿದಳು.

"ನಾನು ಎಷ್ಟು ವರ್ಷ ಬದುಕ್ದೆ ಮಗಾ?"

"ಎಂಬತ್ತೊಂದು."

"ಹಂಗಾದ್ರೆ ಒಂದೆರಡು ಕಮ್ಮಿಯಾದ್ರೂ ಪರವಾಗಿಲ್ಲ. ಹಿಡಿ ನಿನ್ ಕನ್ನಡೀನ."

ಅವಳ ಮಾತು ನಂಜೇಶನ ತಲೆಗೆ ಹೋಗಲಿಲ್ಲ. ಪರದೆಯನ್ನು ಅವಳತ್ತ ತಿರುಗಿಸಿ, ಏನೂ ಅರಿಯದವನಂತೆ ಕೆರೆಯ ಕಡೆ ನೋಡುತ್ತಾ ಗುಂಡಿ ಒತ್ತಿದ.

ವಾಪಸ್ ಊರಿಗೆ ಬಂದು ಚೌಕಟ್ಟು ಹಾಕಿಸುವಾಗಲೇ ಅವನು ಆ ಫೋಟೋವನ್ನು ಸರಿಯಾಗಿ ನೋಡಿದ್ದು. ಕುಂಕುಮ ನೆಟ್ಟಗಿತ್ತು, ಮೂಗುತಿ ಹೊಳೆಯುತ್ತಿತ್ತು. ಅಜ್ಜಿ ಗೇಣುದ್ದ ನಾಲಿಗೆ ಚಾಚಿ ಅವನನ್ನು ಅಣಕಿಸುತ್ತಿದ್ದಳು.

ಈ ಪಿತೃಪಕ್ಷದಲ್ಲಿ ಅದಕ್ಕೇ ಹೂವು ಮುಡಿಸಿ ಎಡೆ ಇಟ್ಟರು. ಪಾಯಸವನ್ನು ನಂಜೇಶನೇ ಬಡಿಸಿದ, ನಾಲಿಗೆಗೆ ಎಟುಕುವಷ್ಟು ಹತ್ತಿರದಲ್ಲಿ.