ಬೆನ್ನು ತೋರಿಸದ ಜನರಲ್

ಆ ಜರ್ಮನ್ ಜನರಲ್ ಸಾಹೇಬರದು ಒಂದೇ ನಿಯಮ: ತಮ್ಮ ಟ್ಯಾಂಕುಗಳು ಶತ್ರುವಿಗೆ ಬೆನ್ನು ತೋರಿಸಕೂಡದು. ಹಾಗಾಗಿ ರಷ್ಯನ್ನರು ಅಟ್ಟಿಸಿಕೊಂಡು ಬಂದಾಗಲೆಲ್ಲ ಅವರ ಪಡೆ ಮುಖವನ್ನು ಪೂರ್ವಕ್ಕೇ ಇಟ್ಟುಕೊಂಡು ರಿವರ್ಸ್ ಗೇರಿನಲ್ಲಿ ಹಿಂದೆ ಸರಿಯುತ್ತಿತ್ತು. ಸಾಹೇಬರು ಅದನ್ನು 'ಸಾಲು ಸರಿಪಡಿಸುವುದು' ಎನ್ನುತ್ತಿದ್ದರು. ಸರಿಪಡಿಸಿದಾಗಲೆಲ್ಲ ಬರ್ಲಿನ್ನಿನಿಂದ ಅವರ ಕೊರಳಿಗೊಂದು ಪದಕ ಬರುತ್ತಿತ್ತು. ಹಿಂದೆ ನೋಡಿ ನೋಡಿ ಅವರ ಚಾಲಕ ಎಗೊನ್‌ನ ಕತ್ತು ಮಾತ್ರ ಸೊಟ್ಟಗಾಗಿತ್ತು.

ಒಮ್ಮೆ ಎಗೊನ್‌ನ ಗೆಳೆಯ ಕೆಸರಿನಲ್ಲಿ ಸಿಕ್ಕಿಕೊಂಡು, ಹೊರಬರಲು ತನ್ನ ಟ್ಯಾಂಕನ್ನು ತಿರುಗಿಸಿಬಿಟ್ಟ. ಸಾಹೇಬರು "ಹೇಡಿ" ಎಂದು, ಎಲ್ಲರೆದುರು ನಿಲ್ಲಿಸಿ ಗುಂಡು ಹೊಡೆಸಿದರು. ಅಂದಿನಿಂದ ಎಗೊನ್ ಕನಸಿನಲ್ಲೂ ಗಾಡಿಯನ್ನು ಹಿಂದಕ್ಕೇ ಓಡಿಸುತ್ತಿದ್ದ.

ಹೀಗೇ ಉಕ್ರೇನ್ ದಾಟಿತು, ಪೋಲೆಂಡ್ ದಾಟಿತು. ಕೊನೆಗೆ ಜರ್ಮನಿಯದೇ ಒಂದು ಸೇತುವೆಯ ಮೇಲೆ ಸಾಹೇಬರ ಟ್ಯಾಂಕಿನ ಹಿಂಭಾಗ ಏನಕ್ಕೋ ಢಿಕ್ಕಿ ಹೊಡೆದು ನಿಂತಿತು.

"ಏನದು?" ಎಂದರು ಸಾಹೇಬರು.

ಎಗೊನ್ ತಲೆ ಹೊರಹಾಕಿ ನೋಡಿದ. "ಅಮೆರಿಕದವರ ಟ್ಯಾಂಕು, ಸಾಹೇಬ್ರೆ. ನಮಗೇ ಗುರಿ ಇಟ್ಕೊಂಡು ನಿಂತಿದಾರೆ."

"ಮುಂದೆ?"

"ರಷ್ಯನ್ನರು. ಇನ್ನೇನು ಬಂದೇಬಿಟ್ರು. ಎರಡು ಕಡೇನೂ ಶತ್ರುಗಳೇ, ಯಾರಾದ್ರೂ ಒಬ್ಬರಿಗೆ ಬೆನ್ನು ತೋರಿಸ್ಲೇಬೇಕು. ಏನ್ ಮಾಡ್ಲಿ?"

ಸಾಹೇಬರು ಕೊರಳಿನ ಪದಕಗಳನ್ನು ನೇರ ಮಾಡಿಕೊಂಡರು. ಜೇಬಿನಿಂದ, ಯಾವತ್ತೋ ಇಸ್ತ್ರಿ ಮಾಡಿಸಿಟ್ಟಿದ್ದ ಬಿಳಿ ಕರವಸ್ತ್ರ ತೆಗೆದರು.

"ತಿರುಗಿಸು," ಎಂದರು. "ಅಮೆರಿಕದವರು ಕೈದಿಗಳಿಗೆ ಒಳ್ಳೇ ಕಾಫಿ ಕೊಡ್ತಾರಂತೆ."