ಕರಿಯ ಗೌನು

ಜರ್ಮನಿಯ ಬ್ರಿಗಿಟೆ ಕರಿಯ ಗೌನೊಂದನ್ನು ಎರ್ಸಿಲಿಯಾಳ ಹಿಟ್ಟಿನ ಕೈಗೆ ತುರುಕಿದಳು. "ಇದನ್ನ ಹಾಕ್ಕೊಳ್ಳಿ ಅಜ್ಜಿ. ಈ ಹೂವಿನ ಗೌನು ಬೇಡ. ಅತಿಥಿಗಳು ನಿಜವಾದ ಇಟಲೀನ ನೋಡೋಕೆ ಬಂದಿದಾರೆ."

"ನಮ್ಮೂರಲ್ಲಿ ಇದು ಗಂಡ ಸತ್ತೋರು ಹಾಕೋದಮ್ಮಾ. ನನ್ನ ಗಂಡ ಹೊರಗೆ ಜಗಲಿ ಮೇಲೆ ಗುಂಡುಕಲ್ಲಿನ ಹಾಗೆ ಕೂತಿದಾನೆ!"

"ಅಯ್ಯೋ, ಫೋಟೋಗಷ್ಟೇ! ನಿಮ್ಮ ಸಂಸ್ಕೃತಿ ಅಂದ್ರೆ ನಂಗೆ ಪ್ರಾಣ."

ಮೂರು ವರ್ಷದ ಹಿಂದೆ ಈ ಮನೆಯನ್ನು, ಅಮ್ಮನ ಕಾಲದ ಹಿಟ್ಟಿನ ಮಣೆಯ ಸಮೇತ, ಎರ್ಸಿಲಿಯಾ ಇವಳಿಗೇ ಮಾರಿದ್ದಳು. ಈಗ ಅದೇ ಮಣೆಯ ಮುಂದೆ ಕೂತು, ಬಂದವರಿಗೆಲ್ಲ ಪಾಸ್ತಾ ಮಾಡಿ ತೋರಿಸುವ ಕೂಲಿ. ಎಪ್ಪತ್ತೊಂದರ ಮುದುಕಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಗೌನು ತೊಟ್ಟಳು. ಹಿಟ್ಟಿನ ಚೂರನ್ನು ಹೆಬ್ಬೆರಳಿನಿಂದ ಒತ್ತಿ ಕಿವಿಯ ಆಕಾರಕ್ಕೆ ತಿರುವಿದಳು. "ಆಹಾ, ಎಂಥ ಬದುಕು!" ಎಂದು ಯಾರೋ ನಿಟ್ಟುಸಿರಿಟ್ಟರು. ಕ್ಯಾಮೆರಾಗಳು ಮೇಲೆದ್ದವು.

ನೀರು ಕೇಳಲು ಬಾಗಿಲಿಗೆ ಬಂದ ಗಂಡ ದೊನಾತೊ ಅಲ್ಲೇ ನಿಂತುಬಿಟ್ಟ. ತಲೆಯ ಟೋಪಿ ತಾನಾಗಿ ಕೈಗೆ ಬಂತು.

"ಎರ್ಸೀ, ಯಾರೇ ತೀರ್ಕೊಂಡಿದ್ದು?"

ಅವಳು ಮಣೆಯಿಂದ ತಲೆ ಎತ್ತಲಿಲ್ಲ.

"ನೀನೇ," ಎಂದಳು. "ಇವರೆಲ್ಲ ಹೋಗೋವರೆಗೂ ಈ ಕಡೆ ಮುಖ ತೋರಿಸಬೇಡ."