ಬಾವಿಕಟ್ಟೆಯ ನೀಲಿ ಕತ್ತಿ

"ರೀ, ಬರ್ತೀರೋ ಇಲ್ವೋ? ಇಲ್ಲಿ ನಮ್ಮೋರೆಲ್ಲ ಸಾಯ್ತಿದಾರೆ," ಎಂದು ಮಾಲ್‌ಸುನ್ ಪರದೆಯಿಂದ ಕಣ್ಣು ಕೀಳದೆ, ಪಕ್ಕದ ಕುರ್ಚಿಯಲ್ಲಿದ್ದ ಗಂಡನನ್ನು ಗದರಿದಳು. ಕೊರಿಯಾದ ದೇಗು ಊರಿನ ಒಂದು ಕಂಪ್ಯೂಟರ್ ಗೇಮ್ ಅಂಗಡಿಯಲ್ಲಿ ಭಾನುವಾರದ ಕೋಟೆ ಕಾಳಗ ಜೋರಾಗಿತ್ತು. ಟ್ಯಾಕ್ಸಿ ಓಡಿಸುವ ಗಂಡ ಬ್ಯೊಂಗ್‌ಚೊಲ್ ಮಾತ್ರ, ಯಾರೂ ಯಾರನ್ನೂ ಕೊಲ್ಲಲಾಗದ ಆಟದ ಹಳ್ಳಿಯಲ್ಲಿ, ಬಾವಿಕಟ್ಟೆಯ ಪಕ್ಕ ನೀಲಿ ಕತ್ತಿ ಹಿಡಿದು ನಿಂತಿದ್ದ. ಅವನ ಮುಂದಿನ ರಾಮ್ಯನ್ ಶಾವಿಗೆ ಉಬ್ಬಿ ಮುದ್ದೆಯಾಗಿತ್ತು.

"ಹೊರಗೆ ಸತ್ರೆ ಕತ್ತಿ ಬಿದ್ದೋಗುತ್ತೆ ಕಣೇ. ಎತ್ಕೊಂಡೋನದೇ ಆಮೇಲೆ. ಇದೊಂದು ಹದಕ್ಕೆ ಬರೋ ಮುಂಚೆ, ಹದ ತಪ್ಪಿ ಎಷ್ಟು ಕತ್ತಿ ಮುರ್ಕೊಂಡಿದೀನಿ ನಿಂಗೆ ಗೊತ್ತಲ್ಲ."

"ಹಾಗಾದ್ರೆ ಕಿಮ್ಚಿ ಜಾಡೀಲಿ ಹಾಕಿ ಮುಚ್ಚಿಡಿ. ಚೆನ್ನಾಗಿ ಹುಳಿ ಬರ್ಲಿ."

ಬ್ಯೊಂಗ್‌ಚೊಲ್ ಹಲ್ಲು ಕಚ್ಚಿ ಕೋಟೆಬಾಗಿಲಿಗೆ ಓಡಿದ. ಅಲ್ಲಿ ಒಬ್ಬನೇ ಎಲ್ಲರನ್ನೂ ತಡೆದು ನಿಂತಿದ್ದ, ಎದುರಾಳಿ ಪಡೆಯ ಆಟಗಾರನೊಬ್ಬನ ದೈತ್ಯ ಒಂದೇ ಏಟಿಗೆ ಅವನನ್ನು ಕೆಡವಿದ. ನೀಲಿ ಕತ್ತಿ ಕಲ್ಲುಹಾಸಿನ ಮೇಲೆ ಬಿತ್ತು. ದೈತ್ಯ ಎತ್ತಿಕೊಂಡ.

"ಸಮಾಧಾನ ಆಯ್ತಾ ನಿಂಗೆ?" ಎಂದ ಬ್ಯೊಂಗ್‌ಚೊಲ್.

ಮಾಲ್‌ಸುನ್ ಪರದೆಯ ಕಡೆಗೆ ಇನ್ನಷ್ಟು ಬಾಗಿದಳು. ಅವಳ ಪರದೆಯಲ್ಲಿ ದೈತ್ಯ ಕತ್ತಿಯನ್ನು ಹಿಡಿದು ಅತ್ತಿತ್ತ ನೋಡಿದ. ಆಮೇಲೆ ಕೋಟೆಬಾಗಿಲನ್ನು ಹಾಗೇ ಬಿಟ್ಟು ತನ್ನ ಹಳ್ಳಿಯ ಕಡೆಗೆ ಎದ್ದೆನೋ ಬಿದ್ದೆನೋ ಎಂದು ಓಡಿದ.

"ನೋಡಿ, ನಿಮ್ಮ ರೋಗ ಈಗ ಅವನಿಗೆ ಅಂಟ್ಕೊಳ್ತು," ಎಂದಳು. "ಬಾಗಿಲಲ್ಲಿ ಯಾರೂ ಇಲ್ಲ."

ಬಾವಿಕಟ್ಟೆಯ ಬಳಿ ಮತ್ತೆ ಹುಟ್ಟಿಬಂದಿದ್ದ ಬ್ಯೊಂಗ್‌ಚೊಲ್, ಪೆಟ್ಟಿಗೆಯ ತಳದಲ್ಲಿದ್ದ ತುಕ್ಕು ಈಟಿಯನ್ನು ಎಳೆದುಕೊಂಡು, ಹಿಂದೆ ಮುಂದೆ ನೋಡದೆ ಕೋಟೆಗೆ ನುಗ್ಗಿದ.